ನಕ್ಷತ್ರದ ಕಾಂತಿಯಲ್ಲಿ ದೂರದ ಪಾಲೆಷ್ಟು? ನೀವೇ ಲೆಕ್ಕ ಹಾಕುವ ವಿಧಾನ

ರಾತ್ರಿಯ ಆಕಾಶದಲ್ಲಿ ಅತ್ಯಂತ ಪ್ರಖರವಾಗಿ ಕಾಣುವ ನಕ್ಷತ್ರ ಲುಬ್ಧಕ. ಎರಡನೆಯ ಸ್ಥಾನ ಅಗಸ್ತ್ಯನದು. ಪಾಶ್ಚಾತ್ಯ ಪಟ್ಟಿಗಳಲ್ಲಿ ಇವನ್ನು ಸಿರಿಯಸ್ ಮತ್ತು ಕ್ಯಾನೋಪಸ್ ಎಂದು ಹೆಸರಿಸಿರುತ್ತಾರೆ. ಕಣ್ಣಿಗೆ ಲುಬ್ಧಕವು ಅಗಸ್ತ್ಯಕ್ಕಿಂತ ಸುಮಾರು ಎರಡು ಪಟ್ಟು ಕಾಂತಿಯುತವಾಗಿದೆ. ಆದರೆ ಎರಡನ್ನೂ ನಮ್ಮಿಂದ ಒಂದೇ ದೂರದಲ್ಲಿ ಇರಿಸಿ ನೋಡಲು ಸಾಧ್ಯವಾಗಿದ್ದರೆ ಅಗಸ್ತ್ಯವು ಲುಬ್ಧಕವನ್ನು 600 ಪಟ್ಟಿಗೂ ಮಿಕ್ಕಿ ಹಿಂದಿಕ್ಕುತ್ತಿತ್ತು. ನಾವು ಕಾಣುವ ಕಾಂತಿಯಲ್ಲಿ ನಕ್ಷತ್ರದ ಸ್ವಂತ ಪ್ರಕಾಶ ಮತ್ತು ಅದರ ದೂರ ಎರಡೂ ಬೆರೆತಿರುತ್ತವೆ. ಇವುಗಳಲ್ಲಿ ಒಂದನ್ನು ಬೇರೆ ದಾರಿಯಿಂದ ತಿಳಿದುಕೊಳ್ಳದೆ ಇನ್ನೊಂದನ್ನು ಹೇಳಲಾಗದು. ಅವೆರಡನ್ನೂ ಬೇರ್ಪಡಿಸುವ ಲೆಕ್ಕವನ್ನು ಹಂತ ಹಂತವಾಗಿ ಇಲ್ಲಿ ವಿವರಿಸಲಾಗಿದೆ. ಇದಕ್ಕೆ ದೂರದರ್ಶಕದ ಅಗತ್ಯವಿಲ್ಲ. ಲಾಗರಿದಮ್ ಗುಂಡಿ ಇರುವ ಒಂದು ಕ್ಯಾಲ್ಕುಲೇಟರ್ ಸಾಕು, ಮೊಬೈಲಿನಲ್ಲಿರುವುದೂ ಆದೀತು.

ಮೊದಲ ಹಂತ: ಎರಡು ಕಾಂತಿಗಳನ್ನು ಬೇರೆಯಾಗಿಯೇ ಗುರುತಿಸಿಕೊಳ್ಳಿ

ನಕ್ಷತ್ರವೊಂದು ಪ್ರತಿ ಸೆಕೆಂಡಿಗೆ ಎಲ್ಲ ದಿಕ್ಕುಗಳಿಗೂ ಸೂಸುವ ಒಟ್ಟು ಶಕ್ತಿಯನ್ನು ದೀಪ್ತಿ ಎನ್ನುತ್ತಾರೆ. ನೋಡುವವರು ಎಲ್ಲಿದ್ದಾರೆ ಎಂಬುದಕ್ಕೂ ದೀಪ್ತಿಗೂ ಸಂಬಂಧವಿಲ್ಲ. ಆ ಶಕ್ತಿಯಲ್ಲಿ ನಮ್ಮ ಕಣ್ಣಿಗೆ ಅಥವಾ ಉಪಕರಣಕ್ಕೆ ಬಂದು ಸೇರುವ ಪಾಲು ಗೋಚರ ಕಾಂತಿ. ಇದು ದೂರಕ್ಕೆ ತಕ್ಕಂತೆ ಬದಲಾಗುತ್ತದೆ. ಟಿಪ್ಪಣಿ ಪುಸ್ತಕದಲ್ಲಿ ಪ್ರತಿ ನಕ್ಷತ್ರಕ್ಕೂ ಗೋಚರ ಕಾಂತಿ, ದೂರ, ದೀಪ್ತಿ ಎಂಬ ಮೂರು ಕಲಂಗಳನ್ನು ಎಳೆದುಕೊಳ್ಳಿ. ಯಾವುದಾದರೂ ಎರಡು ಕಲಂಗಳು ತುಂಬಿದರೆ ಮೂರನೆಯದು ಲೆಕ್ಕದಿಂದ ಸಿಗುತ್ತದೆ.

ಎರಡನೆಯ ಹಂತ: ನಿಯಮವನ್ನು ಕಣ್ಣಾರೆ ಪರೀಕ್ಷಿಸಿ

ನಕ್ಷತ್ರದಿಂದ ಹೊರಟ ಬೆಳಕು ಗೋಳಾಕಾರವಾಗಿ ಹರಡುತ್ತ ಸಾಗುತ್ತದೆ. ದೂರ ಎರಡರಷ್ಟಾದಾಗ ಆ ಗೋಳದ ಮೇಲ್ಮೈ ನಾಲ್ಕರಷ್ಟಾಗುತ್ತದೆ, ಮೂರರಷ್ಟಾದಾಗ ಒಂಬತ್ತರಷ್ಟಾಗುತ್ತದೆ. ಖಾಲಿ ಜಾಗದಲ್ಲಿ ಬೆಳಕು ದಾರಿಯಲ್ಲಿ ನಷ್ಟವಾಗುವುದಿಲ್ಲ. ಅಷ್ಟೇ ಬೆಳಕು ಹೆಚ್ಚು ವಿಸ್ತಾರಕ್ಕೆ ಹಂಚಿಹೋಗುವುದರಿಂದ ನಮ್ಮ ಕಣ್ಣಿನಷ್ಟು ಚಿಕ್ಕ ಜಾಗಕ್ಕೆ ಸಿಗುವ ಪಾಲು ಕುಗ್ಗುತ್ತದೆ. ಗೋಚರ ಕಾಂತಿಯು ದೂರದ ವರ್ಗಕ್ಕೆ ವಿಲೋಮವಾಗಿ ಇಳಿಯುತ್ತದೆ ಎಂಬ ಈ ವಿಲೋಮ ವರ್ಗ ನಿಯಮವನ್ನು ಓದಿ ಒಪ್ಪಿಕೊಳ್ಳುವುದಕ್ಕಿಂತ ಒಮ್ಮೆ ಮಾಡಿ ನೋಡುವುದು ಒಳ್ಳೆಯದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಇದಕ್ಕೆ ಜರ್ಮನ್ ರಸಾಯನವಿಜ್ಞಾನಿ ರಾಬರ್ಟ್ ಬುನ್ಸೆನ್ ಬಳಸಿದ ಉಪಾಯವೊಂದಿದೆ. ದಪ್ಪನೆಯ ಬಿಳಿ ಕಾಗದದ ನಡುವೆ ಒಂದು ಹನಿ ಅಡುಗೆ ಎಣ್ಣೆ ಹಾಕಿ, ಹೆಚ್ಚಾದುದನ್ನು ಒರೆಸಿ, ಕಾಗದವನ್ನು ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿ. ಕೋಣೆಯನ್ನು ಕತ್ತಲಾಗಿಸಿ ಹಿಂಬದಿಯಲ್ಲಿ ಮಾತ್ರ ಮೇಣದಬತ್ತಿ ಹಚ್ಚಿದರೆ ಎಣ್ಣೆಯ ಕಲೆ ಸುತ್ತಲಿನ ಕಾಗದಕ್ಕಿಂತ ಬೆಳ್ಳಗೆ ಕಾಣುತ್ತದೆ, ಏಕೆಂದರೆ ಎಣ್ಣೆ ಹೀರಿದ ಜಾಗದಲ್ಲಿ ಬೆಳಕು ಸುಲಭವಾಗಿ ತೂರಿ ಬರುತ್ತದೆ. ಬತ್ತಿಯನ್ನು ನಿಮ್ಮ ಕಡೆಗೆ ತಂದರೆ ಅದೇ ಕಲೆ ಕಪ್ಪಾಗುತ್ತದೆ. ಈಗ ಒಂದು ಬದಿಯಲ್ಲಿ 30 ಸೆಂಟಿಮೀಟರ್ ದೂರಕ್ಕೆ ಒಂದು ಬತ್ತಿಯನ್ನೂ ಇನ್ನೊಂದು ಬದಿಯಲ್ಲಿ ಅದೇ ಬಗೆಯ ನಾಲ್ಕು ಬತ್ತಿಗಳನ್ನು ಒತ್ತೊತ್ತಾಗಿಯೂ ಇರಿಸಿ, ಆ ನಾಲ್ಕನ್ನು ಸ್ವಲ್ಪ ಸ್ವಲ್ಪವೇ ಹಿಂದಕ್ಕೆ ಸರಿಸುತ್ತ ಹೋಗಿ. ಕಲೆಯು ಮಸುಕಾಗುತ್ತ ಬಂದು ಕಾಗದದಲ್ಲಿ ಹೆಚ್ಚುಕಡಿಮೆ ಲೀನವಾಗುವ ಜಾಗವನ್ನು ಅಳೆದರೆ ಅದು 60 ಸೆಂಟಿಮೀಟರಿನ ಆಸುಪಾಸಿನಲ್ಲಿರುತ್ತದೆ. ಒಂಬತ್ತು ಬತ್ತಿಗಳಾದರೆ 90. ಕಲೆ ಪೂರ್ತಿ ಮಾಯವಾಗಲೇಬೇಕೆಂದು ಕಾಯಬೇಡಿ. ಎರಡೂ ಬದಿಯಿಂದ ಒಂದೇ ಓರೆಯಲ್ಲಿ ನೋಡಿದಾಗ ಅದು ಒಂದೇ ತೆರನಾಗಿ ಕಂಡರೆ ಎರಡೂ ಬದಿಯ ಬೆಳಕು ಸಮನಾಗಿದೆ ಎಂದರ್ಥ. ಬಿಳಿ ಗೋಡೆಗಳು ಬೆಳಕನ್ನು ಪ್ರತಿಫಲಿಸಿ ಅಳತೆಯನ್ನು ಕೆಡಿಸುವುದರಿಂದ ಹತ್ತಿರದ ಗೋಡೆಗೆ ಕಪ್ಪು ಬಟ್ಟೆ ಇಳಿಬಿಡಿ, ಫ್ಯಾನ್ ನಿಲ್ಲಿಸಿ, ಉರಿಯುವ ಬತ್ತಿಗಳನ್ನು ಬಿಟ್ಟು ಅತ್ತಿತ್ತ ಹೋಗಬೇಡಿ.

ಉದ್ದನೆಯ ಟ್ಯೂಬ್‌ಲೈಟನ್ನು ಹತ್ತಿರವಿಟ್ಟು ಇದೇ ಪ್ರಯೋಗ ಮಾಡಿದರೆ ಲೆಕ್ಕ ಕೂಡಿಬರುವುದಿಲ್ಲ. ದೂರಕ್ಕೆ ಹೋಲಿಸಿದರೆ ದೀಪದ ಗಾತ್ರ ತೀರ ಚಿಕ್ಕದಾಗಿರುವಾಗ ಮಾತ್ರ ಈ ನಿಯಮ ಹೀಗೆ ಸರಳವಾಗಿ ಅನ್ವಯವಾಗುತ್ತದೆ. ನಕ್ಷತ್ರಗಳ ವಿಷಯದಲ್ಲಿ ಆ ಚಿಂತೆಯಿಲ್ಲ. ಅವು ನಮಗೆ ಬಿಂದುಗಳೇ.

ಮೂರನೆಯ ಹಂತ: ಕಾಂತಿಮಾನದ ಅಳತೆಗೋಲನ್ನು ಕೈವಶ ಮಾಡಿಕೊಳ್ಳಿ

ಖಗೋಳ ಪಟ್ಟಿಗಳಲ್ಲಿ ನಕ್ಷತ್ರಗಳ ಕಾಂತಿಯನ್ನು ಕಾಂತಿಮಾನ ಎಂಬ ಅಂಕಿಯಲ್ಲಿ ಕೊಟ್ಟಿರುತ್ತಾರೆ. ಪ್ರಾಚೀನ ಗ್ರೀಕರು ಬರಿಗಣ್ಣಿಗೆ ಕಾಣುವ ನಕ್ಷತ್ರಗಳನ್ನು ಆರು ದರ್ಜೆಗಳಾಗಿ ವಿಂಗಡಿಸಿ ಅತ್ಯಂತ ಪ್ರಖರವಾದವುಗಳಿಗೆ ಮೊದಲ ದರ್ಜೆ ಕೊಟ್ಟರು. ಆ ಪದ್ಧತಿ ಉಳಿದುಬಂದುದರಿಂದ ಇಂದಿಗೂ ಅಂಕಿ ಚಿಕ್ಕದಾದಷ್ಟೂ ನಕ್ಷತ್ರ ಪ್ರಖರ, ಋಣ ಅಂಕಿಯಾದರೆ ಇನ್ನೂ ಪ್ರಖರ. ಹೊಸಬರು ಮೊದಲು ಎಡವುವುದು ಇಲ್ಲಿಯೇ. 1856ರಲ್ಲಿ ಇಂಗ್ಲೆಂಡಿನ ನಾರ್ಮನ್ ಪಾಗ್ಸನ್ ಈ ದರ್ಜೆಗಳಿಗೆ ನಿಖರವಾದ ಗಣಿತವನ್ನು ಸೂಚಿಸಿದರು: ಕಾಂತಿಮಾನದಲ್ಲಿ 5ರ ವ್ಯತ್ಯಾಸವೆಂದರೆ ಕಾಂತಿಯಲ್ಲಿ ಸರಿಯಾಗಿ 100 ಪಟ್ಟು, ಹಾಗಾಗಿ 1ರ ವ್ಯತ್ಯಾಸವೆಂದರೆ ಸುಮಾರು 2.512 ಪಟ್ಟು. ಕಾಂತಿಮಾನದ ವ್ಯತ್ಯಾಸವೆಂದರೆ ಕಾಂತಿಯಲ್ಲಿ ಎಷ್ಟು ಪಟ್ಟು ಎಂದು ತಿಳಿಯಲು ಅದನ್ನು 0.4ರಿಂದ ಗುಣಿಸಿ, ಬಂದ ಅಂಕಿಯನ್ನು 10ರ ಘಾತವಾಗಿ ಏರಿಸಿ.

ಲುಬ್ಧಕದ ಗೋಚರ ಕಾಂತಿಮಾನ −1.46, ಅಗಸ್ತ್ಯದ್ದು −0.74. ವ್ಯತ್ಯಾಸ 0.72, ಅದನ್ನು 0.4ರಿಂದ ಗುಣಿಸಿದರೆ 0.288, 10ರ 0.288ನೆಯ ಘಾತ 1.94. ಎರಡು ಪಟ್ಟು ಎಂದು ಆರಂಭದಲ್ಲಿ ಹೇಳಿದ್ದು ಹೀಗೆ ಬಂದ ಅಂಕಿ.

ಪಾಗ್ಸನ್ನರ ಅಳತೆಗೋಲನ್ನು ವಿಲೋಮ ವರ್ಗ ನಿಯಮದೊಂದಿಗೆ ಜೋಡಿಸಿದಾಗ ಬಹಳ ಉಪಯುಕ್ತವಾದ ಎರಡು ಅಂಕಿಗಳು ಸಿಗುತ್ತವೆ. ಇವನ್ನು ಬಾಯಿಪಾಠ ಮಾಡಿಟ್ಟುಕೊಂಡರೆ ಅರ್ಧ ಲೆಕ್ಕಗಳನ್ನು ಮನಸ್ಸಿನಲ್ಲೇ ಮುಗಿಸಬಹುದು. ದೂರ 10 ಪಟ್ಟಾದರೆ ಕಾಂತಿಮಾನಕ್ಕೆ 5 ಕೂಡುತ್ತದೆ. ದೂರ 2 ಪಟ್ಟಾದರೆ ಸುಮಾರು 1.5 ಕೂಡುತ್ತದೆ. ಸೂರ್ಯನ ಕಾಂತಿಮಾನ ಭೂಮಿಯಿಂದ −26.74. ನೆಪ್ಚೂನ್ ಗ್ರಹವು ಸೂರ್ಯನಿಂದ ಭೂಮಿಗಿಂತ 30 ಪಟ್ಟು ದೂರದಲ್ಲಿದೆ, ಆದುದರಿಂದ ಅಲ್ಲಿಗೆ ತಲಪುವ ಬಿಸಿಲು ನಮ್ಮದರ 900ರಲ್ಲಿ ಒಂದು ಪಾಲು, ಸೂರ್ಯನ ಕಾಂತಿಮಾನ ಸುಮಾರು −19.4. ಅಷ್ಟಾದರೂ ಅದು ನಮ್ಮ ಹುಣ್ಣಿಮೆಯ ಚಂದ್ರನಿಗಿಂತ 400 ಪಟ್ಟಿಗೂ ಹೆಚ್ಚು ಪ್ರಖರ. ನೆಪ್ಚೂನಿನಲ್ಲಿ ಹಗಲೆಂದರೆ ಕಗ್ಗತ್ತಲೆ ಎಂಬ ಕಲ್ಪನೆಯನ್ನು ಈ ಒಂದು ಲೆಕ್ಕ ಅಳಿಸಿಹಾಕುತ್ತದೆ.

ನಾಲ್ಕನೆಯ ಹಂತ: ಕಾಂತಿಯನ್ನು ನಂಬದೆ ದೂರವನ್ನು ಪಡೆಯಿರಿ

ಎಲ್ಲ ನಕ್ಷತ್ರಗಳೂ ಸೂರ್ಯನಂತೆಯೇ ಎಂದು ಭಾವಿಸಿ ಕಾಂತಿಯಿಂದಲೇ ದೂರವನ್ನು ಊಹಿಸುವ ಪ್ರಯತ್ನ ಹಿಂದೆ ನಡೆದಿತ್ತು. 17ನೆಯ ಶತಮಾನದ ಡಚ್ ವಿಜ್ಞಾನಿ ಕ್ರಿಸ್ಟಿಯಾನ್ ಹೈಗೆನ್ಸ್, ಅತಿ ಸಣ್ಣ ರಂಧ್ರದ ಮೂಲಕ ಸೂರ್ಯನ ಬೆಳಕನ್ನು ಲುಬ್ಧಕದಷ್ಟು ಮಂಕಾಗುವವರೆಗೆ ತಗ್ಗಿಸಿ, ಲುಬ್ಧಕವು ಸೂರ್ಯನಿಗಿಂತ ಸುಮಾರು 27,000 ಪಟ್ಟು ದೂರದಲ್ಲಿದೆ ಎಂದು ಲೆಕ್ಕ ಹಾಕಿದರು. ನಿಜವಾದ ಅಂಕಿ 5,40,000ಕ್ಕೂ ಹೆಚ್ಚು. ಹಗಲಿನಲ್ಲಿ ಕಂಡ ಬೆಳಕನ್ನು ರಾತ್ರಿ ಕಂಡ ನಕ್ಷತ್ರದ ನೆನಪಿನೊಡನೆ ಹೋಲಿಸಬೇಕಾಗಿದ್ದುದು ಅವರ ಒಂದು ಕಷ್ಟವಾದರೆ, ಲುಬ್ಧಕವು ಸೂರ್ಯನಿಗಿಂತ 20 ಪಟ್ಟಿಗೂ ಮೀರಿ ಪ್ರಕಾಶಮಾನವಾದುದು ಎಂದು ತಿಳಿಯಲು ಆಗ ದಾರಿಯೇ ಇರಲಿಲ್ಲ ಎಂಬುದು ಇನ್ನೊಂದು. ಆ ಕಾಲದಲ್ಲಿ ಅಷ್ಟು ಸರಳ ಸಲಕರಣೆಯಿಂದ ನಕ್ಷತ್ರಗಳ ದೂರದ ಅಗಾಧತೆಯನ್ನು ಗ್ರಹಿಸಿದ ಆ ಪ್ರಯತ್ನದ ಬಗ್ಗೆ ನನಗೆ ಅಪಾರ ಗೌರವವಿದೆ.

ಕಾಂತಿಯ ಹಂಗಿಲ್ಲದ ದಾರಿಯೆಂದರೆ ಪ್ಯಾರಲಾಕ್ಸ್. ಭೂಮಿಯು ಸೂರ್ಯನನ್ನು ಸುತ್ತುವಾಗ ಹತ್ತಿರದ ನಕ್ಷತ್ರವು ದೂರದ ಹಿನ್ನೆಲೆಯ ಎದುರು ಅತ್ತಿತ್ತ ಸರಿದಂತೆ ಕಾಣುತ್ತದೆ. ಆ ಸರಿತದ ಅರ್ಧ ಕೋನವೇ ಪ್ಯಾರಲಾಕ್ಸ್. ಇದನ್ನು ಮೊದಲಿಗೆ ನಂಬಲರ್ಹವಾಗಿ ಅಳೆದು 1838ರಲ್ಲಿ ಪ್ರಕಟಿಸಿದವರು ಫ್ರೀಡ್ರಿಕ್ ಬೆಸೆಲ್, ಅವರು ಆರಿಸಿಕೊಂಡ ನಕ್ಷತ್ರ 61 ಸಿಗ್ನಿ. ಕೋನವನ್ನು ಆರ್ಕ್‌ಸೆಕೆಂಡುಗಳಲ್ಲಿ, ಅಂದರೆ ಒಂದು ಡಿಗ್ರಿಯ 3,600ರಲ್ಲಿ ಒಂದು ಪಾಲಿನ ಮಾನದಲ್ಲಿ ಇಟ್ಟುಕೊಂಡು, 1ನ್ನು ಆ ಕೋನದಿಂದ ಭಾಗಿಸಿದರೆ ದೂರವು ಪಾರ್ಸೆಕ್‌ಗಳಲ್ಲಿ ಬರುತ್ತದೆ. ಒಂದು ಪಾರ್ಸೆಕ್ ಎಂದರೆ 3.26 ಜ್ಯೋತಿರ್ವರ್ಷ. ಲುಬ್ಧಕದ ಪ್ಯಾರಲಾಕ್ಸ್ 0.379, ಹಾಗಾಗಿ ದೂರ 2.64 ಪಾರ್ಸೆಕ್ ಅಥವಾ 8.6 ಜ್ಯೋತಿರ್ವರ್ಷ. ಅಗಸ್ತ್ಯದ್ದು ಸುಮಾರು 0.0105, ದೂರ ಸುಮಾರು 95 ಪಾರ್ಸೆಕ್, ಅಂದರೆ 310 ಜ್ಯೋತಿರ್ವರ್ಷ.

ಈ ಕೋನಗಳನ್ನು ನೀವು ಅಳೆಯಬೇಕಿಲ್ಲ. 1989ರಲ್ಲಿ ಉಡಾವಣೆಯಾದ ಹಿಪ್ಪಾರ್ಕಸ್ ಉಪಗ್ರಹ ಒಂದು ಲಕ್ಷಕ್ಕೂ ಹೆಚ್ಚು ನಕ್ಷತ್ರಗಳ ಪ್ಯಾರಲಾಕ್ಸನ್ನು ಅಳೆಯಿತು. 2013ರ ಡಿಸೆಂಬರಿನಲ್ಲಿ ಹೊರಟ ಗಾಯಾ ನೂರು ಕೋಟಿಗೂ ಮಿಕ್ಕಿದ ನಕ್ಷತ್ರಗಳಿಗೆ ಆ ಕೆಲಸವನ್ನು ವಿಸ್ತರಿಸಿತು. ಎರಡರ ಪಟ್ಟಿಗಳೂ ಸಾರ್ವಜನಿಕವಾಗಿ ಉಚಿತವಾಗಿ ಲಭ್ಯವಿವೆ. ಅಲ್ಲಿ ಕೋನವು ಮಿಲಿ ಆರ್ಕ್‌ಸೆಕೆಂಡುಗಳಲ್ಲಿ ಇರುವುದರಿಂದ 1ರ ಬದಲು 1000ವನ್ನು ಭಾಗಿಸಿ. ಅತಿ ಪ್ರಖರ ನಕ್ಷತ್ರಗಳು ಗಾಯಾದ ಉಪಕರಣದ ಮಿತಿಯನ್ನು ಮೀರುವುದರಿಂದ ಅವುಗಳಿಗೆ ಹಿಪ್ಪಾರ್ಕಸ್ ಪಟ್ಟಿಯನ್ನೇ ನೋಡುವುದು ಸೂಕ್ತ.

ಐದನೆಯ ಹಂತ: ಎಲ್ಲವನ್ನೂ ಒಂದೇ ದೂರಕ್ಕೆ ತನ್ನಿ

ನಕ್ಷತ್ರಗಳನ್ನು ನ್ಯಾಯವಾಗಿ ಹೋಲಿಸಲು ಖಗೋಳವಿಜ್ಞಾನಿಗಳು ಅವೆಲ್ಲವೂ 10 ಪಾರ್ಸೆಕ್ ದೂರದಲ್ಲಿದ್ದರೆ ಹೇಗೆ ಕಂಡಾವು ಎಂದು ಲೆಕ್ಕ ಹಾಕುತ್ತಾರೆ. ಹಾಗೆ ಬಂದ ಅಂಕಿಯೇ ನಿರಪೇಕ್ಷ ಕಾಂತಿಮಾನ. ಸೂತ್ರ ಹೀಗಿದೆ:

ನಿರಪೇಕ್ಷ ಕಾಂತಿಮಾನ = ಗೋಚರ ಕಾಂತಿಮಾನ + 5 − 5 × ಲಾಗ್ (ದೂರ)

ಇಲ್ಲಿ ಲಾಗ್ 10ರ ಆಧಾರದ್ದು. ದೂರ ಪಾರ್ಸೆಕ್‌ಗಳಲ್ಲೇ ಇರಬೇಕು. ಜ್ಯೋತಿರ್ವರ್ಷಗಳನ್ನು ಹಾಗೆಯೇ ತುಂಬಿದರೆ ಉತ್ತರವು ಎರಡೂವರೆ ಕಾಂತಿಮಾನಕ್ಕಿಂತ ಹೆಚ್ಚು ತಪ್ಪುತ್ತದೆ, ಅಂದರೆ ದೀಪ್ತಿಯಲ್ಲಿ ಹತ್ತು ಪಟ್ಟಿಗೂ ಮೀರಿದ ತಪ್ಪು.

ಲುಬ್ಧಕಕ್ಕೆ 2.64ರ ಲಾಗ್ 0.42, ಉತ್ತರ 1.43. ಅಗಸ್ತ್ಯಕ್ಕೆ 95ರ ಲಾಗ್ 1.98, ಉತ್ತರ −5.63. ಇವೆರಡರ ನಡುವಿನ 7.06ರ ವ್ಯತ್ಯಾಸವನ್ನು ಮೂರನೆಯ ಹಂತದ ರೀತಿಯಲ್ಲಿ ಪರಿವರ್ತಿಸಿದರೆ ಸುಮಾರು 670 ಪಟ್ಟು. ಅದನ್ನೇ ನೇರ ದಾರಿಯಲ್ಲಿಯೂ ತಾಳೆ ನೋಡಬಹುದು: ಅಗಸ್ತ್ಯವು ಲುಬ್ಧಕಕ್ಕಿಂತ 36 ಪಟ್ಟು ದೂರದಲ್ಲಿದೆ, 36ರ ವರ್ಗ 1,296, ಅದನ್ನು 1.94ರಿಂದ ಭಾಗಿಸಿದರೆ 668. ಎರಡು ದಾರಿಗಳೂ ಒಂದೇ ಕಡೆ ಕೂಡುವುದನ್ನು ಕಾಗದದ ಮೇಲೆ ಸ್ವತಃ ನೋಡಿದವರಿಗೆ ಸೂತ್ರದ ಬಗ್ಗೆ ಅನುಮಾನ ಉಳಿಯುವುದಿಲ್ಲ.

ಸೂರ್ಯನ ನಿರಪೇಕ್ಷ ಕಾಂತಿಮಾನ 4.83. ಸೂರ್ಯನನ್ನು ಲುಬ್ಧಕದ ಜಾಗದಲ್ಲಿಟ್ಟರೆ ಅದರ ಗೋಚರ ಕಾಂತಿಮಾನ 1.9ರಷ್ಟಾಗಿ, ಅದು ಹೆಚ್ಚುಕಡಿಮೆ ಧ್ರುವ ನಕ್ಷತ್ರದಂತೆ ಕಾಣುತ್ತದೆ. ಬರಿಗಣ್ಣಿನ ಮಿತಿಯಾದ 6ನೆಯ ಕಾಂತಿಮಾನಕ್ಕೆ ಸೂರ್ಯ ಇಳಿಯುವುದು ಸುಮಾರು 17 ಪಾರ್ಸೆಕ್ ದೂರದಲ್ಲಿ. ಅಲ್ಲಿಂದಾಚೆ, ಅಂದರೆ 56 ಜ್ಯೋತಿರ್ವರ್ಷಗಳ ಆಚೆ ನಿಂತವರ ಕಣ್ಣಿಗೆ ನಮ್ಮ ಸೂರ್ಯ ಇಲ್ಲವೇ ಇಲ್ಲ. ಬರಿಗಣ್ಣಿಗೆ ಕಾಣುವ ನಕ್ಷತ್ರಗಳಲ್ಲಿ ಬಹುಪಾಲು ಸೂರ್ಯನಿಗಿಂತ ಹೆಚ್ಚು ದೀಪ್ತಿಯುಳ್ಳವು ಏಕೆ ಎಂಬುದು ಇದರಿಂದ ತಿಳಿಯುತ್ತದೆ: ಮಂಕಾದವು ತೀರ ಹತ್ತಿರವಿದ್ದರೆ ಮಾತ್ರ ಕಾಣಬಲ್ಲವು, ಪ್ರಖರವಾದವು ನೂರಾರು ಜ್ಯೋತಿರ್ವರ್ಷಗಳಾಚೆಯಿಂದಲೂ ಕಾಣುತ್ತವೆ. ಹತ್ತಿರವಿದ್ದರೂ ಕೆಲವೊಮ್ಮೆ ಸಾಲದು. ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಸಮೀಪದ ನಕ್ಷತ್ರವಾದ ಪ್ರಾಕ್ಸಿಮಾ ಸೆಂಟಾರಿ 4.24 ಜ್ಯೋತಿರ್ವರ್ಷ ದೂರದಲ್ಲಿದ್ದು, ಅದರ ಕಾಂತಿಮಾನ 11ರಷ್ಟಿರುವುದರಿಂದ ದೂರದರ್ಶಕವಿಲ್ಲದೆ ಕಾಣದು.

ದೂರದ ತಪ್ಪು ದೀಪ್ತಿಯಲ್ಲಿ ದೊಡ್ಡದಾಗುತ್ತದೆ ಎಂಬುದನ್ನು ಇಲ್ಲಿ ಗಮನಿಸಬೇಕು. ದೂರದಲ್ಲಿ 10 ಶೇಕಡಾ ತಪ್ಪಿದರೆ ದೀಪ್ತಿಯಲ್ಲಿ ಸುಮಾರು 20 ಶೇಕಡಾ ತಪ್ಪುತ್ತದೆ. ರಾಜಹಂಸ ರಾಶಿಯ ಡೆನೆಬ್ ನಕ್ಷತ್ರದ ದೂರಕ್ಕೆ 1,400ರಿಂದ 2,600 ಜ್ಯೋತಿರ್ವರ್ಷಗಳವರೆಗೆ ಬೇರೆ ಬೇರೆ ಅಂದಾಜುಗಳಿವೆ. ಅವುಗಳಲ್ಲಿ ಯಾವುದನ್ನು ಆರಿಸಿಕೊಂಡಿರಿ ಎಂಬುದರ ಮೇಲೆ ಅದರ ದೀಪ್ತಿ ಮೂರು ಪಟ್ಟಿಗೂ ಹೆಚ್ಚು ಬದಲಾಗುತ್ತದೆ. ಪಟ್ಟಿಯಲ್ಲಿ ಪ್ಯಾರಲಾಕ್ಸಿನ ಪಕ್ಕದಲ್ಲಿರುವ ದೋಷದ ಅಂಕಿಯನ್ನು ನೋಡದೆ ಮುಂದೆ ಹೋಗಬೇಡಿ. ಆ ದೋಷವು ಪ್ಯಾರಲಾಕ್ಸಿನ ಹತ್ತನೆಯ ಒಂದು ಪಾಲನ್ನು ಮೀರಿದರೆ ಉತ್ತರವನ್ನು ಅಂದಾಜೆಂದೇ ಬರೆದುಕೊಳ್ಳಿ.

ಆರನೆಯ ಹಂತ: ವೃಷಭ ರಾಶಿಯಲ್ಲಿ ಮೂರು ಆಳಗಳನ್ನು ನೋಡಿ

ಲೆಕ್ಕವನ್ನು ಆಕಾಶಕ್ಕೆ ಒಯ್ಯಲು ವೃಷಭ ರಾಶಿಗಿಂತ ಒಳ್ಳೆಯ ಜಾಗ ನನಗೆ ತಿಳಿದಿಲ್ಲ. ಕೆಂಪು ಛಾಯೆಯ ರೋಹಿಣಿ ನಕ್ಷತ್ರವು 'ವಿ' ಆಕಾರದ ಹಯಡೀಸ್ ಗುಚ್ಛದ ನಡುವೆಯೇ ಇರುವಂತೆ ತೋರುತ್ತದೆ. ನಿಜವಾಗಿ ರೋಹಿಣಿ ಇರುವುದು 65 ಜ್ಯೋತಿರ್ವರ್ಷಗಳಲ್ಲಿ, ಗುಚ್ಛವು ಅದರ ಹಿಂದೆ ಸುಮಾರು 150ರಲ್ಲಿ. ಸ್ವಲ್ಪ ಆಚೆ ಕಾಣುವ ಕೃತ್ತಿಕಾ ಗುಚ್ಛ ಇನ್ನೂ ಹಿಂದೆ, ಸುಮಾರು 440ರಲ್ಲಿ. ಹಯಡೀಸನ್ನು ಕೃತ್ತಿಕೆಯಷ್ಟು ದೂರಕ್ಕೆ ತಳ್ಳಿದರೆ ದೂರ 2.9 ಪಟ್ಟಾಗಿ, ಅದರ ಪ್ರತಿ ನಕ್ಷತ್ರಕ್ಕೂ 2.3 ಕಾಂತಿಮಾನ ಕೂಡಬೇಕಾಗುತ್ತದೆ. ಈಗ 3.4ರಲ್ಲಿರುವ ಅದರ ಅತಿ ಪ್ರಖರ ಸದಸ್ಯ ಆಗ 5.7ಕ್ಕಿಳಿದು ಬರಿಗಣ್ಣಿನ ಅಂಚಿಗೆ ಬರುತ್ತದೆ.

ಒಂದೇ ಗುಚ್ಛದೊಳಗೆ ಬೇರೊಂದು ಅನುಕೂಲವಿದೆ. ಕೃತ್ತಿಕೆಯ ನಕ್ಷತ್ರಗಳೆಲ್ಲವೂ ಹೆಚ್ಚುಕಡಿಮೆ ಒಂದೇ ದೂರದಲ್ಲಿರುವುದರಿಂದ ಅಲ್ಲಿ ಕಾಣುವ ಕಾಂತಿಯ ಏರುಪೇರಿಗೆ ದೂರ ಕಾರಣವಲ್ಲ. ಆಲ್ಸಿಯೋನಿ 2.87, ಸೆಲೀನೋ 5.45, ಮೊದಲನೆಯದು ಎರಡನೆಯದಕ್ಕಿಂತ ಸುಮಾರು 11 ಪಟ್ಟು ಪ್ರಖರವಾಗಿ ಕಾಣುತ್ತದೆ, ಮತ್ತು ನಮ್ಮ ಕಣ್ಣಿಗೆ ಕಾಣುವ ಬೆಳಕಿನ ಮಟ್ಟಿಗೆ ನಿಜವಾಗಿಯೂ ಅಷ್ಟೇ ಪಟ್ಟು ಪ್ರಖರವಾಗಿದೆ. ಅತಿ ಬಿಸಿಯ ನಕ್ಷತ್ರಗಳು ಅತಿನೇರಳೆಯಲ್ಲೂ ತಣ್ಣನೆಯ ಕೆಂಪು ನಕ್ಷತ್ರಗಳು ಅವಕೆಂಪಿನಲ್ಲೂ ಬಹಳಷ್ಟು ಶಕ್ತಿಯನ್ನು ಸೂಸುವುದರಿಂದ ಒಟ್ಟು ದೀಪ್ತಿಗೆ ಪ್ರತ್ಯೇಕ ತಿದ್ದುಪಡಿ ಬೇಕಾಗುತ್ತದೆ.

ಏಳನೆಯ ಹಂತ: ದೂರವಲ್ಲದ ಕಾರಣಗಳನ್ನು ಕಳೆಯಿರಿ

ಕಣ್ಣಂದಾಜಿನಿಂದ ಕಾಂತಿಯನ್ನು ಹೋಲಿಸುವಾಗ ಎರಡೂ ನಕ್ಷತ್ರಗಳು ದಿಗಂತದಿಂದ ಸಮಾನ ಎತ್ತರದಲ್ಲಿರುವ ಹೊತ್ತನ್ನು ಆರಿಸಿಕೊಳ್ಳಿ. ದಿಗಂತದಿಂದ 30 ಡಿಗ್ರಿ ಎತ್ತರದ ನಕ್ಷತ್ರದ ಬೆಳಕು, ನೆತ್ತಿಯ ನಕ್ಷತ್ರದ ಬೆಳಕಿಗಿಂತ ಎರಡರಷ್ಟು ಗಾಳಿಯನ್ನು ದಾಟಿ ಬರುತ್ತದೆ. 10 ಡಿಗ್ರಿಯಲ್ಲಿ ಐದೂವರೆಯಷ್ಟು. ತಿಳಿಯಾದ ರಾತ್ರಿಯಲ್ಲೂ ಅಷ್ಟು ಕೆಳಗಿನ ನಕ್ಷತ್ರ ಒಂದು ಕಾಂತಿಮಾನದಷ್ಟು ಹೆಚ್ಚುವರಿ ನಷ್ಟ ಅನುಭವಿಸಬಹುದು. ಪಟ್ಟಿಗಳಲ್ಲಿನ ಅಂಕಿಗಳಲ್ಲಿ ಈ ನಷ್ಟವನ್ನು ಮೊದಲೇ ತೆಗೆದಿರುತ್ತಾರೆ.

ನಕ್ಷತ್ರಗಳ ನಡುವಿನ ಧೂಳು ಇದಕ್ಕಿಂತ ಜಟಿಲವಾದ ವಿಷಯ. 1930ರಲ್ಲಿ ರಾಬರ್ಟ್ ಟ್ರಂಪ್ಲರ್ ನಕ್ಷತ್ರ ಗುಚ್ಛಗಳ ಗಾತ್ರವನ್ನೂ ಕಾಂತಿಯನ್ನೂ ಹೋಲಿಸಿ, ದೂರದ ಗುಚ್ಛಗಳು ವಿಲೋಮ ವರ್ಗ ನಿಯಮ ಹೇಳುವುದಕ್ಕಿಂತಲೂ ಮಂಕಾಗಿವೆ ಎಂದು ತೋರಿಸಿದರು. ದಾರಿಯಲ್ಲಿ ಏನೋ ಬೆಳಕನ್ನು ಹೀರುತ್ತಿತ್ತು. ಧೂಳು ನೀಲಿ ಬೆಳಕನ್ನು ಹೆಚ್ಚಾಗಿಯೂ ಕೆಂಪನ್ನು ಕಡಿಮೆಯಾಗಿಯೂ ತಡೆಯುವುದರಿಂದ ನಕ್ಷತ್ರ ಮಂಕಾಗುವುದರ ಜೊತೆಗೆ ಕೆಂಪಾಗುತ್ತದೆ, ದೂರವೊಂದೇ ಕಾರಣವಾದರೆ ಬಣ್ಣ ಬದಲಾಗುವುದಿಲ್ಲ. ಈ ಗುರುತಿನಿಂದಲೇ ಧೂಳಿನ ಪಾಲನ್ನು ಅಳೆಯುತ್ತಾರೆ. ಹಾಗೆ ಅಳೆದ ನಷ್ಟವನ್ನು ಐದನೆಯ ಹಂತದ ಸೂತ್ರದ ಬಲಗಡೆಯಿಂದ ಕಳೆಯಬೇಕು. ಹತ್ತಿರದ ಲುಬ್ಧಕದಂಥವಕ್ಕೆ ಅದು ನಗಣ್ಯ. ನಮ್ಮ ಆಕಾಶಗಂಗೆಯ ಕೇಂದ್ರದ ದಿಕ್ಕಿನಲ್ಲಿ ಮಾತ್ರ ಅದು 30 ಕಾಂತಿಮಾನಗಳಷ್ಟಾಗಿ, ಕಣ್ಣಿಗೆ ಕಾಣುವ ಬೆಳಕನ್ನು ಪೂರ್ತಿ ಮುಚ್ಚಿಬಿಡುತ್ತದೆ.

ಕೆಲವು ನಕ್ಷತ್ರಗಳು ಸ್ವತಃ ಏರಿಳಿಯುತ್ತವೆ. 2019ರ ಕೊನೆಯಿಂದ 2020ರ ಆರಂಭದವರೆಗೆ ಆರ್ದ್ರಾ ನಕ್ಷತ್ರ ಬರಿಗಣ್ಣಿಗೇ ಗೊತ್ತಾಗುವಷ್ಟು ಮಂಕಾದಾಗ ಅದರ ದೂರ ಬದಲಾಗಿರಲಿಲ್ಲ; ಆ ನಕ್ಷತ್ರವೇ ಹೊರಚೆಲ್ಲಿದ ಧೂಳು ಅದಕ್ಕೆ ಮುಖ್ಯ ಕಾರಣವಾಗಿತ್ತು.

ಎಂಟನೆಯ ಹಂತ: ಲೆಕ್ಕವನ್ನು ತಿರುಗಿಸಿ

ಪ್ಯಾರಲಾಕ್ಸ್ ಅಳೆಯಲಾಗದಷ್ಟು ದೂರದಲ್ಲಿ ಇದೇ ಸೂತ್ರವನ್ನು ಹಿಂದುಮುಂದಾಗಿಸಿ ಬಳಸುತ್ತಾರೆ: ದೀಪ್ತಿಯನ್ನು ಬೇರೆ ದಾರಿಯಿಂದ ತಿಳಿದುಕೊಂಡು ದೂರವನ್ನು ಪಡೆಯುತ್ತಾರೆ. ಆ ದಾರಿಯನ್ನು ತೆರೆದವರು ಹೆನ್ರಿಯೆಟಾ ಲೆವಿಟ್. ಸಣ್ಣ ಮೆಗೆಲ್ಲಾನಿಕ್ ಮೋಡ ಎಂಬ ನೆರೆಯ ಗ್ಯಾಲಕ್ಸಿಯಲ್ಲಿರುವ 25 ಸೆಫೀಡ್‌ಗಳನ್ನು, ಅಂದರೆ ಕಾಂತಿಯು ನಿಯತ ಅವಧಿಯಲ್ಲಿ ಏರಿಳಿಯುವ ನಕ್ಷತ್ರಗಳನ್ನು, ಪರಿಶೀಲಿಸಿದ ಅವರು, ಏರಿಳಿತದ ಅವಧಿ ದೀರ್ಘವಾದಷ್ಟೂ ನಕ್ಷತ್ರ ಪ್ರಖರ ಎಂಬುದನ್ನು 1912ರಲ್ಲಿ ಪ್ರಕಟಿಸಿದರು. ಕೃತ್ತಿಕೆಯಲ್ಲಿ ನೀವು ಕಂಡ ಅನುಕೂಲವೇ ಅವರಿಗೂ ಒದಗಿತ್ತು: ಆ ನಕ್ಷತ್ರಗಳೆಲ್ಲ ಹೆಚ್ಚುಕಡಿಮೆ ಒಂದೇ ದೂರದಲ್ಲಿದ್ದುದರಿಂದ ಗೋಚರ ಕಾಂತಿಯ ವ್ಯತ್ಯಾಸ ನೇರವಾಗಿ ದೀಪ್ತಿಯ ವ್ಯತ್ಯಾಸವಾಗಿತ್ತು.

ಅಭ್ಯಾಸಕ್ಕೆ ಡೆಲ್ಟಾ ಸೆಫಿ ಎಂಬ ಸೆಫೀಡ್ ನಕ್ಷತ್ರವನ್ನು ತೆಗೆದುಕೊಳ್ಳಿ. ಅದು 5.37 ದಿನಗಳಿಗೊಮ್ಮೆ ಏರಿಳಿಯುತ್ತದೆ, ಸರಾಸರಿ ಕಾಂತಿಮಾನ ಸುಮಾರು 3.95, ದೂರ ಸುಮಾರು 273 ಪಾರ್ಸೆಕ್. ಸೂತ್ರದಿಂದ ಬರುವ −3.2ರಿಂದ ಧೂಳಿನ ಪಾಲಾಗಿ ಇನ್ನೊಂದು 0.2ನ್ನು ಕಳೆದರೆ ನಿರಪೇಕ್ಷ ಕಾಂತಿಮಾನ ಸುಮಾರು −3.4. ಇನ್ನು, ಇಷ್ಟೇ ಅವಧಿಯ ಸೆಫೀಡ್ ಒಂದು ದೂರದ ಗ್ಯಾಲಕ್ಸಿಯಲ್ಲಿ ಸರಾಸರಿ 21ನೆಯ ಕಾಂತಿಮಾನದಲ್ಲಿ ಕಂಡಿದೆ, ದಾರಿಯಲ್ಲಿ ಧೂಳಿಲ್ಲ ಎಂದುಕೊಳ್ಳಿ. ಗೋಚರದಿಂದ ನಿರಪೇಕ್ಷವನ್ನು ಕಳೆದರೆ 24.4, ಅದಕ್ಕೆ 5 ಕೂಡಿ 5ರಿಂದ ಭಾಗಿಸಿದರೆ 5.88, 10ರ 5.88ನೆಯ ಘಾತವೆಂದರೆ ಸುಮಾರು 7,60,000 ಪಾರ್ಸೆಕ್, ಅಂದರೆ 25 ಲಕ್ಷ ಜ್ಯೋತಿರ್ವರ್ಷ. ಆಂಡ್ರೊಮಿಡಾ ಗ್ಯಾಲಕ್ಸಿ ಇರುವುದು ಅಷ್ಟು ದೂರದಲ್ಲಿ, ಮತ್ತು 1923ರಲ್ಲಿ ಎಡ್ವಿನ್ ಹಬಲ್ ಅಲ್ಲಿ ಗುರುತಿಸಿದ ಸೆಫೀಡ್ ಒಂದರ ಮೇಲೆ ಇದೇ ಬಗೆಯ ಲೆಕ್ಕವನ್ನು ನಡೆಸಿಯೇ ಆ ಗ್ಯಾಲಕ್ಸಿಯು ನಮ್ಮ ಆಕಾಶಗಂಗೆಯ ಹೊರಗಿದೆ ಎಂದು ಖಚಿತಪಡಿಸಲಾಯಿತು.